ಮಾನಿಟರ್ ಕೂಗಿದಾಗ: ಐಸಿಯುವಿನಲ್ಲಿ ಹೃದಯದ ತುರ್ತುಸ್ಥಿತಿಯನ್ನು ಗುರುತಿಸುವ ಬಗೆ

ತೀವ್ರ ನಿಗಾ ಘಟಕದಲ್ಲಿ ಅಲಾರಂ ಕೂಗಿದೊಡನೆ ನರ್ಸ್ ಮೊದಲು ನೋಡಬೇಕಾದದ್ದು ರೋಗಿಯನ್ನು, ಪರದೆಯನ್ನಲ್ಲ. ರೋಗಿ ಹಲ್ಲುಜ್ಜುತ್ತಿದ್ದಾಗಲೂ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾವನ್ನೇ (ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅಪಾಯಕಾರಿ ವೇಗದ ಬಡಿತ) ಹೋಲುವ ಗೆರೆಗಳು ಮೂಡುವುದುಂಟು. ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಕಳಚಿದರೆ ಹೃದಯ ನಿಂತೇಹೋದಂತೆ ನೇರ ಗೆರೆ ಕಾಣಬಹುದು. ಆದ್ದರಿಂದ ರೋಗಿಯನ್ನು ಮಾತನಾಡಿಸಿ, ಉಸಿರಾಟವನ್ನು ಗಮನಿಸುತ್ತಲೇ ಕುತ್ತಿಗೆಯ ನಾಡಿಯನ್ನು ಮುಟ್ಟಿ ನೋಡಬೇಕು. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸಮಯ ಹಿಡಿಯಬಾರದು.

ನಾಡಿ ಸಿಗದಿದ್ದರೆ ನೆರವಿಗೆ ಕೂಗಿ, ನಿಮಿಷಕ್ಕೆ 100ರಿಂದ 120ರಂತೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆಯನ್ನು ಒತ್ತತೊಡಗಬೇಕು. ವೆಂಟ್ರಿಕ್ಯುಲರ್ ಫಿಬ್ರಿಲೇಷನ್ (ಕೆಳಕೋಣೆಗಳು ಬಡಿಯದೆ ಬರೀ ಅದುರುವ ಸ್ಥಿತಿ) ಅಥವಾ ನಾಡಿಯಿಲ್ಲದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಇದ್ದರೆ ತಡಮಾಡದೆ ವಿದ್ಯುತ್ ಶಾಕ್ ಕೊಡಬೇಕು. ಹೃದಯ ಪೂರ್ತಿ ಸ್ತಬ್ಧವಾಗಿದ್ದರೆ ಶಾಕ್‌ನಿಂದ ಪ್ರಯೋಜನವಿಲ್ಲ. ಎದೆಯೊತ್ತುವುದನ್ನು ಮುಂದುವರಿಸುತ್ತ, 3ರಿಂದ 5 ನಿಮಿಷಗಳಿಗೊಮ್ಮೆ 1 ಮಿಲಿಗ್ರಾಂ ಅಡ್ರಿನಾಲಿನ್ ನೀಡಬೇಕು.

ನಾಡಿ ಇದ್ದು ಹೃದಯಾಘಾತದ ಶಂಕೆ ಬಂದರೆ, 10 ನಿಮಿಷಗಳೊಳಗೆ 12 ಲೀಡ್‌ಗಳ ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯನ್ನು 12 ಕೋನಗಳಿಂದ ತೋರಿಸುವ ದಾಖಲೆ) ತೆಗೆದು ವೈದ್ಯರಿಗೆ ತೋರಿಸಬೇಕು. ಕಷ್ಟವಿರುವುದು ಶಂಕೆ ಬರುವುದರಲ್ಲೇ. ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ ಎದೆನೋವಿನ ಬದಲು ಏದುಸಿರು, ಬೆವರು, ವಾಕರಿಕೆ ಅಥವಾ ವಿಪರೀತ ಸುಸ್ತಷ್ಟೇ ಕಾಣಿಸಿಕೊಳ್ಳಬಹುದು. ವೆಂಟಿಲೇಟರಿನಲ್ಲಿ ಮಂಪರಿನಲ್ಲಿರುವವರಂತೂ ಏನನ್ನೂ ಹೇಳಲಾರರು. ಅವರಲ್ಲಿ ದಿಢೀರನೆ ಕುಸಿದ ರಕ್ತದೊತ್ತಡ, ಹೊಸದಾಗಿ ಏರುಪೇರಾದ ಹೃದಯ ಬಡಿತ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಇವನ್ನೇ ದೂರೆಂದು ಓದಿಕೊಳ್ಳಬೇಕು.

ಮೊದಲ ಇಸಿಜಿ ಸರಿಯಾಗಿದೆಯೆಂದು ನಿರಾಳರಾಗುವಂತಿಲ್ಲ. ಲಕ್ಷಣಗಳು ಮುಂದುವರಿದರೆ 15ರಿಂದ 30 ನಿಮಿಷಗಳಿಗೊಮ್ಮೆ ಮತ್ತೆ ತೆಗೆಯಬೇಕು, ಹೃದಯ ಸ್ನಾಯುವಿನ ಹಾನಿಯನ್ನು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಪುನರಾವರ್ತಿಸಬೇಕು. ಹೃದಯದ ಕೆಳಭಾಗವನ್ನು ತೋರಿಸುವ 2, 3 ಮತ್ತು ಎವಿಎಫ್ ಲೀಡ್‌ಗಳಲ್ಲಿ ಇಸಿಜಿ ಗೆರೆಯ ಎಸ್‌ಟಿ ಎಂಬ ಭಾಗ ಮೇಲೆದ್ದಿದ್ದರೆ ಎದೆಯ ಬಲಭಾಗದ ಲೀಡ್‌ಗಳನ್ನೂ ನೋಡಲೇಬೇಕು. ಬಲ ಹೃತ್ಕುಕ್ಷಿಗೂ (ಹೃದಯದ ಬಲ ಕೆಳಕೋಣೆ) ಘಾತವಾಗಿದ್ದಲ್ಲಿ, ರಕ್ತನಾಳಗಳನ್ನು ಹಿಗ್ಗಿಸುವ ಔಷಧಿ ನೈಟ್ರೋಗ್ಲಿಸರಿನ್ ರಕ್ತದೊತ್ತಡವನ್ನು ಅಪಾಯಕಾರಿಯಾಗಿ ಇಳಿಸಬಲ್ಲದು. ಅಭ್ಯಾಸಬಲದಿಂದ ಎಲ್ಲರಿಗೂ ಆಮ್ಲಜನಕದ ಮಾಸ್ಕ್ ಹಾಕುವುದೂ ಸರಿಯಲ್ಲ, ಆಮ್ಲಜನಕದ ಮಟ್ಟ ಶೇ 90ಕ್ಕಿಂತ ಕೆಳಗಿಳಿದಾಗ ಅದು ಬೇಕು. ಅಲರ್ಜಿ, ರಕ್ತಸ್ರಾವಗಳಿಲ್ಲವೆಂದು ಖಚಿತಪಡಿಸಿಕೊಂಡು, ವೈದ್ಯರ ಸೂಚನೆಯಂತೆ ಆಸ್ಪಿರಿನ್ ಅಗಿಯಲು ಕೊಡಬೇಕು. ಎಸ್‌ಟಿ ಏರಿಕೆಯಿರುವ ಆಘಾತದಲ್ಲಿ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು) ಸಾಧ್ಯವಿಲ್ಲದಿದ್ದರೆ ವೈದ್ಯರು ಹೆಪ್ಪು ಕರಗಿಸುವ ಔಷಧಿಯನ್ನು ಪರಿಗಣಿಸುವುದರಿಂದ, ಲಕ್ಷಣ ಆರಂಭವಾದ ಸಮಯವನ್ನು ಬರೆದಿಡುವುದು ಅಗತ್ಯ.

ಹೃದಯ ಶಸ್ತ್ರಚಿಕಿತ್ಸೆಯಾದವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎದೆಯಿಂದ ರಕ್ತ ಹೊರಹರಿಸಲು ಇಟ್ಟ ಕೊಳವೆಯಾದ ಡ್ರೇನ್‌ನಲ್ಲಿ ಬರುತ್ತಿದ್ದ ರಕ್ತ ಥಟ್ಟನೆ ನಿಂತು, ಜೊತೆಗೆ ರಕ್ತದೊತ್ತಡ ಇಳಿದು ಕುತ್ತಿಗೆಯ ರಕ್ತನಾಳಗಳು ಉಬ್ಬಿದರೆ, ಸ್ರಾವ ನಿಂತಿತೆಂದು ಸಮಾಧಾನಪಡದೆ, ಹೃದಯದ ಸುತ್ತ ರಕ್ತ ತುಂಬಿ ಅದನ್ನು ಅದುಮುತ್ತಿರಬಹುದೆಂದು ಭಾವಿಸಿ ಶಸ್ತ್ರಚಿಕಿತ್ಸಕರನ್ನು ತಕ್ಷಣ ಕರೆಸಬೇಕು.