ಚಿಕ್ಕ ಸ್ಟೀರಿಯೋಗೆ ದೊಡ್ಡ ದುಡ್ಡು: ಕೊಡೋ ಮುಂಚೆ ಹೇಗೆ ನೋಡ್ಬೇಕು?

ಹಾಲ್‌ನಲ್ಲಿ ಇಡೋಕೆ ಒಂದು ಒಳ್ಳೆ ಮ್ಯೂಸಿಕ್ ಸಿಸ್ಟಮ್ ಬೇಕು, ಚಿಕ್ಕದಿರ್ಬೇಕು, ವೈರ್ ನೇತಾಡ್ಬಾರ್ದು, ಸೌಂಡ್ ಮಾತ್ರ ಭರ್ಜರಿ ಇರ್ಬೇಕು ಅಂತ ಹುಡುಕ್ತಾ ಹೋದೋರೆಲ್ಲ ಕೊನೆಗೆ ಬಂದು ನಿಲ್ಲೋದು ಬೋಸ್, ನೇಮ್, ಮಾರ್ಷಲ್, ಬವರ್ಸ್ ಅಂಡ್ ವಿಲ್ಕಿನ್ಸ್ ಥರದವರ ಒಂದೇ ಡಬ್ಬಿ ಸಿಸ್ಟಮ್‌ಗಳ ಮುಂದೆ, ಆಮೇಲೆ ರೇಟ್ ನೋಡಿ ಎದೆ ಧಸಕ್ ಅನ್ನುತ್ತೆ. ನಾನಿಲ್ಲಿ ಪ್ರೀಮಿಯಂ ಅಂತಿರೋದು ಸುಮಾರು 30 ಸಾವಿರದಿಂದ ಮೇಲಕ್ಕೆ ಲಕ್ಷ ದಾಟೋ ತನಕ ಇರೋ ಮಾಲಿಗೆ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಬರೀ ಸೌಂಡಿಗೋಸ್ಕರ ಅಂತ ಈ ದುಡ್ಡು ಕೊಟ್ರೆ ದಂಡ, ಜಾಗ ಉಳೀಲಿ ಮನೇಲಿ ಎಲ್ರೂ ಸುಲಭವಾಗಿ ಹಾಕ್ಕೊಂಡು ಕೇಳ್ಲಿ ಅಂತ ಕೊಟ್ರೆ ಸಾರ್ಥಕ, ಅದೂ ಡಬ್ಬಿ ಹಿಂದುಗಡೆ ಒಂದು ವೈರ್ ಚುಚ್ಚೋ ತೂತು ಇದ್ರೆ ಮಾತ್ರ. ಆ ತೂತಿನ ವಿಷಯ ಆಮೇಲೆ ಬರ್ತೀನಿ.

ಮೊದ್ಲು ಚಿಕ್ಕ ಡಬ್ಬೀಲಿ ಸೌಂಡ್ ಯಾಕೆ ಕಷ್ಟ ಅಂತ ಗೊತ್ತಿದ್ರೆ ಅಂಗಡಿಯವನ ಮಾತಿಗೆ ಅರ್ಧ ಬೀಳೋದು ತಪ್ಪುತ್ತೆ. ಸ್ಪೀಕರ್ ಲೋಕದಲ್ಲಿ ಹಾಫ್‌ಮನ್ ನಿಯಮ ಅಂತ ಒಂದಿದೆ, ಜೆ. ಆಂಟನ್ ಹಾಫ್‌ಮನ್ ಅಂತ ಅಮೆರಿಕದ ಎಂಜಿನಿಯರ್, 1957ರಲ್ಲಿ ಶುರುವಾದ ಕೆಎಲ್‌ಎಚ್ ಕಂಪನಿ ಹೆಸರಲ್ಲಿರೋ ಎಚ್ ಅವರದ್ದೇ. ನಿಯಮ ಇಷ್ಟೇ: ಡಬ್ಬಿ ಚಿಕ್ಕದಿರ್ಬೇಕು, ಬೇಸ್ ಆಳಕ್ಕಿಳೀಬೇಕು, ಕಮ್ಮಿ ಪವರ್‌ನಲ್ಲೇ ಜೋರಾಗಿ ಕೇಳ್ಬೇಕು, ಈ ಮೂರರಲ್ಲಿ ಯಾವ್ದಾದ್ರೂ ಎರಡು ಆರಿಸ್ಕೊಳ್ಳಿ, ಮೂರನೇದು ಕೈ ಬಿಡ್ಬೇಕು. ಇವತ್ತಿನ ಚಿಕ್ಕ ಸಿಸ್ಟಮ್‌ಗಳು ಬಿಟ್ಟಿರೋದು ಮೂರನೇದನ್ನೇ, ಒಳಗೆ ದೊಡ್ಡ ಆಂಪ್ಲಿಫೈಯರ್ ಕೂರಿಸಿ, ಒಂದು ಚಿಪ್‌ನಿಂದ ಬೇಸ್‌ನ ಎತ್ತಿ ಕೊಟ್ಟು, ಸ್ಪೀಕರ್ ಹರಿದು ಹೋಗೋ ಹಂತ ಬಂದಾಗ ಅದೇ ಚಿಪ್‌ನಿಂದ ತಗ್ಗಿಸಿ ಹೇಗೋ ಸಂಭಾಳಿಸ್ತಾರೆ. ಅಂದ್ರೆ ನೀವು ದುಡ್ಡು ಕೊಡ್ತಿರೋದ್ರಲ್ಲಿ ದೊಡ್ಡ ಪಾಲು ಈ ಸಂಭಾಳಿಸೋ ಬುದ್ಧಿವಂತಿಕೆಗೆ, ಇನ್ನೊಂದು ಪಾಲು ಡಬ್ಬಿಯ ಅಂದಕ್ಕೆ, ಮತ್ತೊಂದು ಹೆಸರಿಗೆ.

ಬೋಸ್ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ಅಮರ್ ಬೋಸ್ ತಂದೆ ಬಂಗಾಳದವರು, ಮಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾಗ 1956ರಲ್ಲಿ ದುಬಾರಿ ಸ್ಟೀರಿಯೋ ತಗೊಂಡು, ಕಾಗದದ ಮೇಲಿರೋ ನಂಬರ್‌ಗಳೆಲ್ಲ ಚೆನ್ನಾಗಿದ್ರೂ ಕಿವಿಗೆ ಸರಿ ಕಾಣ್ಲಿಲ್ಲ ಅಂತ ಆ ಕಡೆ ಸಂಶೋಧನೆಗೆ ಇಳಿದೋರು, 1964ರಲ್ಲಿ ಕಂಪನಿ ಕಟ್ಟಿದ್ರು. 1984ರಲ್ಲಿ ಅಕೌಸ್ಟಿಕ್ ವೇವ್, 1993ರಲ್ಲಿ ವೇವ್ ರೇಡಿಯೋ, 2004ರಲ್ಲಿ ಸಿಡಿ ಹಾಕೋ ವೇವ್ ಮ್ಯೂಸಿಕ್ ಸಿಸ್ಟಮ್ ಬಂತು, ಅಮೆರಿಕದಲ್ಲಿ ಸುಮಾರು 500 ಡಾಲರ್. ಎತ್ತರ ನಾಲ್ಕಿಂಚು ಚಿಲ್ಲರೆ ಅಷ್ಟೇ, ಒಳಗಿರೋದು ಎರಡು ಪುಟಾಣಿ ಸ್ಪೀಕರ್, ಅವುಗಳ ಹಿಂದಿನ ಗಾಳಿನ ಮಡಚಿ ಮಡಚಿ ಇಟ್ಟ ಉದ್ದದ ಕೊಳವೆಯಲ್ಲಿ ಹಾಯಿಸಿ ಬೇಸ್ ತೆಗೀತಾರೆ. ಬೈಯೋರು ಬೈದ್ರು, 500 ಡಾಲರ್‌ಗೆ ಅಲಾರಂ ರೇಡಿಯೋನಾ ಅಂತ. ಆದ್ರೆ ಅಡುಗೆಮನೆ ಕಟ್ಟೆ ಮೇಲೆ ಅದನ್ನಿಟ್ಟು ದಿನಾ ಕೇಳಿದೋರು ಬೈಲಿಲ್ಲ. ಎರಡೂ ಕಡೆಯೋರು ಸರಿನೇ, ಒಬ್ರು ಕೂತು ಕೇಳೋರು, ಇನ್ನೊಬ್ರು ಓಡಾಡ್ತಾ ಕೇಳೋರು.

ನೀವು ಯಾವ ಕಡೆ ಅನ್ನೋದೇ ಮೊದಲ್ನೇ ಪ್ರಶ್ನೆ. ಸ್ಟೀರಿಯೋ ಅಂದ್ರೆ ಎರಡು ಸ್ಪೀಕರ್ ನಡುವೆ ಅಂತರ ಬೇಕು, ಆರೇಳು ಅಡಿ ದೂರ ಇಟ್ಟು, ಅಷ್ಟೇ ದೂರದಲ್ಲಿ ನೀವು ಕೂತ್ರೆ ತ್ರಿಕೋನ ಆಗುತ್ತೆ, ಆಗ ಹಾಡೋರು ಮಧ್ಯದಲ್ಲಿ ನಿಂತಂಗೆ, ವಯೊಲಿನ್ ಒಂದು ಕಡೆ ಮೃದಂಗ ಇನ್ನೊಂದು ಕಡೆ ಇದ್ದಂಗೆ ಕೇಳುತ್ತೆ. ಒಂದೇ ಡಬ್ಬೀಲಿ ಎರಡು ಸ್ಪೀಕರ್ ಒಂದಡಿ ದೂರದಲ್ಲಿದ್ರೆ ಇದು ಸಿಗಲ್ಲ, ಲಕ್ಷ ಕೊಟ್ರೂ ಸಿಗಲ್ಲ, ಗೋಡೆಗೆ ಸೌಂಡ್ ಬಡಿದು ಅಗಲ ಮಾಡೋ ಟ್ರಿಕ್ ಇದೆ ಅಂತಾರೆ, ಒಂದಷ್ಟು ಅಗಲ ಆಗೋದು ನಿಜ, ಆದ್ರೆ ಯಾರು ಎಲ್ಲಿ ನಿಂತಿದಾರೆ ಅನ್ನೋದು ಗೊತ್ತಾಗಲ್ಲ. ಸೋಫಾ ಮೇಲೆ ಒಂದು ಗಂಟೆ ಕೂತು ಕಚೇರಿ ಕೇಳೋ ಅಭ್ಯಾಸ ಇರೋರು ಇಲ್ಲೇ ಓದೋದು ನಿಲ್ಲಿಸಿ ಒಂದು ಜೋಡಿ ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್, ಅಂದ್ರೆ ಒಳಗೇ ಆಂಪ್ಲಿಫೈಯರ್ ಇರೋ ಚಿಕ್ಕ ಸ್ಪೀಕರ್ ನೋಡಿ. ಎಡಿಫೈಯರ್ ಥರದ್ದು ಹತ್ತು ಹದಿನೈದು ಸಾವಿರದ ಆಸುಪಾಸಲ್ಲೇ ಶುರುವಾಗುತ್ತೆ, ಬ್ಲೂಟೂತ್ ಕೂಡ ಇರುತ್ತೆ, ಮೂರು ಪಟ್ಟು ರೇಟಿನ ಒಂಟಿ ಡಬ್ಬಿಗೆ ಸ್ಟೀರಿಯೋ ವಿಷಯದಲ್ಲಿ ನೀರು ಕುಡಿಸುತ್ತೆ. ಚಿಕ್ಕದೂ ಬೇಕು ಜೋಡೀನೂ ಬೇಕು ದುಡ್ಡೂ ಇದೆ ಅಂದ್ರೆ 2018ರಲ್ಲಿ ಬಂದ ಕೆಇಎಫ್ ಎಲ್‌ಎಸ್‌ಎಕ್ಸ್ ಥರದ್ದಿದೆ, ಇಲ್ಲಾಂದ್ರೆ ಡೆನಾನ್, ಯಮಹಾ, ಮರಾಂಟ್ಜ್ ಅವರ ಚಿಕ್ಕ ಸಿಡಿ ರಿಸೀವರ್ (ಸಿಡಿ ಪ್ಲೇಯರ್, ರೇಡಿಯೋ, ಆಂಪ್ಲಿಫೈಯರ್ ಒಂದರಲ್ಲೇ ಇರೋದು) ತಗೊಂಡು ನಿಮ್ಗಿಷ್ಟವಾದ ಸ್ಪೀಕರ್ ಸೇರಿಸ್ಕೋಬಹುದು.

ಆದ್ರೆ ಒಂದು ಮಾತು, ಇದನ್ನ ಅಂಗಡಿಯವರು ಹೇಳಲ್ಲ. ಅರವತ್ತರ ದಶಕದ ಕನ್ನಡ ಸಿನಿಮಾ ಹಾಡುಗಳು, ಆಕಾಶವಾಣಿಯ ಹಳೇ ಕಚೇರಿಗಳು, ಇವೆಲ್ಲ ಬಹುಪಾಲು ಮೋನೋ ರೆಕಾರ್ಡಿಂಗ್. ಎರಡು ಸ್ಪೀಕರ್‌ನಿಂದಲೂ ಬರೋದು ಒಂದೇ. ನಿಮ್ಮನೇಲಿ ಮುಕ್ಕಾಲು ಪಾಲು ಓಡೋದು ಅದೇ ಆಗಿದ್ರೆ ಒಂಟಿ ಡಬ್ಬೀಲಿ ನೀವು ಕಳ್ಕೊಳ್ಳೋದು ಏನೂ ಇಲ್ಲ, ಧೈರ್ಯವಾಗಿ ತಗೊಳ್ಳಿ. ಹಂಸಲೇಖ ಅವರ ಕಾಲದಿಂದ ಈಚಿನ ಹಾಡುಗಳಿಗೆ ಲೆಕ್ಕ ಬೇರೆ, ಅಲ್ಲಿ ಎಡಬಲ ಆಟ ಜಾಸ್ತಿ.

ಇನ್ನು ರೂಮು. ನಮ್ಮ ಮನೆಗಳು ಟೈಲ್ಸು, ಗ್ರಾನೈಟು, ಪ್ಲಾಸ್ಟರ್ ಗೋಡೆ, ಸೌಂಡ್ ಹೀರ್ಕೊಳ್ಳೋಕೆ ಏನೂ ಇಲ್ಲ, ಚಪ್ಪಾಳೆ ತಟ್ಟಿದ್ರೆ ಝಣ್ ಅನ್ನುತ್ತೆ. 10x12 ಅಡಿ ರೂಮಲ್ಲಿ 12 ಅಡಿ ಉದ್ದಕ್ಕೆ 47 ಹರ್ಟ್ಜ್ ಹತ್ರ, 10 ಅಡಿ ಅಗಲಕ್ಕೆ 56 ಹರ್ಟ್ಜ್ ಹತ್ರ ಗೋಡೆಯಿಂದ ಗೋಡೆಗೆ ಅಲೆ ನಿಂತ್ಕೊಂಡು ಗುಂಯ್ ಅನ್ನುತ್ತೆ, ಇದು ಶಬ್ದದ ವೇಗದ ಲೆಕ್ಕ, ಬ್ರ್ಯಾಂಡ್ ಯಾವ್ದಾದ್ರೂ ಬದಲಾಗಲ್ಲ. ಹಾಗಾಗಿ ಚಿಕ್ಕ ರೂಮಿಗೆ ಬೇಸ್ ಅಷ್ಟು ಆಳಕ್ಕಿಳಿಯದ ಚಿಕ್ಕ ಸಿಸ್ಟಮ್ಮೇ ಎಷ್ಟೋ ಸಲ ವಾಸಿ, ಅದೇ ರೂಮಿಗೆ ಬರೀ ಬೇಸ್‌ಗೆ ಅಂತಾನೇ ಇರೋ ದೊಡ್ಡ ಸಬ್‌ವೂಫರ್ ತಂದು ಮೂಲೆಗಿಟ್ರೆ ಮಾತೇ ಕೇಳಲ್ಲ. ಟಿವಿ ಶೋಕೇಸ್‌ನ ಗೂಡೊಳಗೆ ತುರುಕಿದ್ರಂತೂ 60 ಸಾವಿರದ ಸಿಸ್ಟಮ್ ಕೂಡ ಮಡಕೆ ಒಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ಗೂಡಿಂದ ಹೊರಗೆ ತನ್ನಿ, ಗೋಡೆಯಿಂದ ಒಂದಡಿ ಮುಂದಕ್ಕೆ ಎಳೀರಿ, ಕೂತಾಗ ಕಿವಿ ಇರೋ ಎತ್ತರಕ್ಕಿಡಿ, ಕೆಳಗೊಂದು ರಬ್ಬರ್ ಪ್ಯಾಡ್, ನೆಲಕ್ಕೊಂದು ಜಮಖಾನೆ, ಕಿಟಕಿಗೆ ದಪ್ಪ ಕರ್ಟನ್. ಹಳೇ ಸಿಸ್ಟಮ್ ಇದ್ರೆ ಮೊದ್ಲು ಅದಕ್ಕೇ ಇಷ್ಟು ಮಾಡಿ ನೋಡಿ, ಹೊಸದು ಬೇಡವೇ ಬೇಡ ಅನ್ನಿಸಿದ್ರೂ ಆಶ್ಚರ್ಯ ಇಲ್ಲ.

ಅಂಗಡೀಲಿ ಕೇಳೋ ಕ್ರಮ. ಅವ್ರು ಹಾಕೋ ಡೆಮೋ ಹಾಡು ಬೇಡ ಅನ್ನಿ, ಅದನ್ನ ಆರಿಸಿರೋದೇ ಆ ಡಬ್ಬಿಗೆ ಒಪ್ಪಲಿ ಅಂತ. ನಿಮ್ಮ ಫೋನಲ್ಲಿ ನಿಮ್ಗೆ ಬಾಯಿಪಾಠ ಆಗಿರೋ ನಾಕು ಹಾಡು ಹೈ ಕ್ವಾಲಿಟೀಲಿ ಡೌನ್‌ಲೋಡ್ ಮಾಡ್ಕೊಂಡು ಹೋಗಿ. ಒಂದು ಬರೀ ಗಂಡು ದನಿ ಮುಂದಿರೋ ಭಾವಗೀತೆ, ಮೈಸೂರು ಅನಂತಸ್ವಾಮಿ ಅವರದ್ದೋ ಅಶ್ವತ್ಥ್ ಅವರದ್ದೋ, ಒಂದು ಮೃದಂಗದ ತನಿ, ಒಂದು ನಾದಸ್ವರ, ಒಂದು ಈಗಿನ ಸಿನಿಮಾ ಹಾಡು. ಮೃದಂಗದಲ್ಲಿ ಎಡಗೈ ಒತ್ತಿ ಎಳೆದಾಗ ಗುಂ ಅನ್ನೋ ನಾದ ಮೇಲೆ ಕೆಳಗೆ ಜಾರುತ್ತಲ್ಲ, ಆ ಜಾರೋದು ಕೇಳ್ಬೇಕು. ಸುಮಾರಾದ ಡಬ್ಬಿಗಳಲ್ಲಿ ಎಲ್ಲಾ ಪೆಟ್ಟೂ ಒಂದೇ ಧುಂ ಧುಂ ಆಗಿರುತ್ತೆ, ಬೇಸ್ ಇದೆ ಆದ್ರೆ ಶ್ರುತಿ ಇಲ್ಲ. ಬಲಗೈ ಚಾಪು ಚುಚ್ಚದೆ ಚುರುಕಾಗಿರ್ಬೇಕು. ನಾದಸ್ವರ ಐದು ನಿಮಿಷ ಕೇಳಿ ತಲೆ ಚಿಟ್ಟು ಹಿಡಿದ್ರೆ ಅದನ್ನ ಮನೆಗೆ ತರಬೇಡಿ.

ಆಮೇಲೆ ವಾಲ್ಯೂಮ್ ಪರೀಕ್ಷೆ. ಮೊದ್ಲು ತೀರಾ ಸಣ್ಣದಾಗಿ ಇಟ್ಟು ಕೇಳಿ. ಸೌಂಡ್ ಕಮ್ಮಿ ಆದಷ್ಟೂ ನಮ್ಮ ಕಿವಿಗೆ ಬೇಸ್ ಕೇಳೋದು ಕಮ್ಮಿ ಆಗುತ್ತೆ, ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ತೋರ್ಸಿದ್ದಾರೆ, ಒಳ್ಳೆ ಸಿಸ್ಟಮ್‌ಗಳು ಸಣ್ಣ ವಾಲ್ಯೂಮ್‌ನಲ್ಲಿ ತಾವೇ ಬೇಸ್ ಎತ್ತಿ ಕೊಡ್ತವೆ. ಅಪಾರ್ಟ್‌ಮೆಂಟಲ್ಲಿ ರಾತ್ರಿ ಹತ್ತರ ಮೇಲೆ ಕೇಳೋರಿಗೆ ದುಬಾರಿ ಚಿಕ್ಕ ಸಿಸ್ಟಮ್ ನಿಜವಾಗ್ಲೂ ಗೆಲ್ಲೋದು ಇಲ್ಲೇ. ಈಗ ನಿಧಾನಕ್ಕೆ ಮುಕ್ಕಾಲಿಗೆ ಏರಿಸಿ, ಒಂದು ಹಂತದಲ್ಲಿ ಬೇಸ್ ಮಾಯ ಆಗಿ ದನಿ ಮಾತ್ರ ಕಿರುಚೋಕೆ ಶುರುವಾದ್ರೆ ಚಿಪ್ ಬ್ರೇಕ್ ಹಾಕ್ತಿದೆ ಅಂತ ಅರ್ಥ, ನೀವು ಮನೇಲಿ ಕೇಳೋ ಜೋರು ಆ ಹಂತಕ್ಕಿಂತ ಕೆಳಗಿದ್ರೆ ತೊಂದ್ರೆ ಇಲ್ಲ.

ವಾಟ್ಸ್ ನೋಡಿ ಮರುಳಾಗ್ಬೇಡಿ. ತೊಂಬತ್ತರ ದಶಕದಲ್ಲಿ ಡಬ್ಬಿ ಮೇಲೆ ಪಿಎಂಪಿಒ ಅಂತ ಸಾವಿರಗಟ್ಲೆ ವಾಟ್ಸ್ ಬರ್ಕೊಂಡು ಮಾರ್ತಿದ್ರಲ್ಲ, ಅದಕ್ಕೆ ಅರ್ಥವೇ ಇರ್ಲಿಲ್ಲ, ಆರ್‌ಎಂಎಸ್, ಅಂದ್ರೆ ಬಿಡದೆ ಕೊಡೋ ಪವರ್, ಎಷ್ಟು ಅಂತ ಮಾತ್ರ ಕೇಳಿ. ಪವರ್ ಡಬಲ್ ಮಾಡಿದ್ರೆ ಸಿಗೋದು ಬರೀ 3 ಡೆಸಿಬೆಲ್, ಮಾಮೂಲಿ ರೂಮಲ್ಲಿ ಹಿತವಾಗಿ ಕೇಳೋವಾಗ ಒಂದೆರಡು ವಾಟ್ಸ್ ಓಡ್ತಿರುತ್ತೆ ಅಷ್ಟೆ. ಸಿಡಿಗಿಂತ ಸೂಕ್ಷ್ಮ ಅಂತ ಹೇಳೋ 24 ಬಿಟ್, ಹೈ ರೆಸ್ ಅನ್ನೋ ಸ್ಟಿಕ್ಕರ್‌ಗೂ ಜಾಸ್ತಿ ಕೊಡ್ಬೇಡಿ, ಸಿಡಿಯ 16 ಬಿಟ್ 44.1 ಕಿಲೋಹರ್ಟ್ಜ್ ನಮ್ಮ ಕಿವಿಗೆ ಧಾರಾಳ.

ಈಗ ಆ ತೂತಿನ ವಿಷಯ. ಸ್ಪೀಕರ್ ಸರಿಯಾಗಿ ಇಟ್ಕೊಂಡ್ರೆ ಇಪ್ಪತ್ತು ವರ್ಷ ಬಾಳುತ್ತೆ, ಅದರೊಳಗಿನ ವೈಫೈ ಮತ್ತೆ ಆ್ಯಪ್ ಬಾಳಲ್ಲ. ಬವರ್ಸ್ ಅಂಡ್ ವಿಲ್ಕಿನ್ಸ್ 2007ರಲ್ಲಿ ಜೆಪೆಲಿನ್ ಅಂತ ಚೆಂದದ್ದೊಂದು ತಂದ್ರು, ಮುಂದೆ ಐಪಾಡ್ ಸಿಕ್ಕಿಸೋ ಡಾಕ್, 2012ರಲ್ಲಿ ಆ್ಯಪಲ್ ಕನೆಕ್ಟರ್‌ನೇ ಬದಲಾಯಿಸ್ತು, ಡಾಕ್ ಶೋಪೀಸ್ ಆಯ್ತು, ವೈರ್ ಚುಚ್ಚೋ ಆಕ್ಸ್ ತೂತು ಇದ್ದಿದ್ರಿಂದ ಸ್ಪೀಕರ್ ಬದುಕ್ತು. ಬೋಸ್ 2013ರಲ್ಲಿ ತಂದ ಸೌಂಡ್‌ಟಚ್ ಸಿಸ್ಟಮ್‌ಗಳಿಗೆ 2026ರಲ್ಲಿ ಕ್ಲೌಡ್ ಸೇವೆ ನಿಲ್ಲಿಸ್ತೀವಿ ಅಂತ 2025ರಲ್ಲಿ ಹೇಳಿಬಿಡ್ತು, ಬ್ಲೂಟೂತ್ ಮತ್ತೆ ಆಕ್ಸ್ ಎಂದಿನಂಗೆ ನಡೆಯುತ್ತೆ ಅಂತ. ವೈಫೈ ಸ್ಪೀಕರ್ ಮಾಡೋ ಸೋನೋಸ್ ಕಂಪನಿ 2024ರಲ್ಲಿ ಹೊಸ ಆ್ಯಪ್ ಬಿಟ್ಟು ಗಿರಾಕಿಗಳ ಕೈಲಿ ಬೈಸ್ಕೊಂಡು, 2025ರ ಜನವರೀಲಿ ಅವರ ಸಿಇಒನೇ ಹೋಗ್ಬೇಕಾಯ್ತು. ಹಾಗಾಗಿ ಡಬ್ಬಿ ತಿರುಗಿಸಿ ಹಿಂದೆ ನೋಡಿ. ಆಕ್ಸ್ ಅಥ್ವಾ ಆರ್‌ಸಿಎ (ಕೆಂಪು ಬಿಳಿ ಪಿನ್‌ದು) ಇನ್‌ಪುಟ್ ಇದೆಯಾ? ಟಿವಿಗೆ ಸೇರಿಸೋ ಯೋಚನೆ ಇದ್ರೆ ಆಪ್ಟಿಕಲ್ ಇಲ್ಲಾ ಎಚ್‌ಡಿಎಂಐ ಇದೆಯಾ? ಬರೀ ಕರೆಂಟ್ ವೈರ್ ಒಂದೇ ಇದ್ದು ಉಳಿದದ್ದೆಲ್ಲ ಆ್ಯಪ್ ಅಂದ್ರೆ ನಾನಂತೂ ಎಷ್ಟು ಡಿಸ್ಕೌಂಟ್ ಕೊಟ್ರೂ ತಗೊಳ್ಳಲ್ಲ.

ಆ್ಯಪ್‌ಗೆ ಇನ್ನೊಂದು ಮುಖಾನೂ ಇದೆ. ಬೆಳಗ್ಗೆ ಐದೂವರೆಗೆ ಅಮ್ಮ ಎದ್ದು ಸುಪ್ರಭಾತ ಹಾಕೋಕೆ ಹೋದ್ರೆ ಲಾಗಿನ್ ಕೇಳುತ್ತೆ, ಫೋನ್ ಮಗನ ರೂಮಲ್ಲಿ, ಮಗ ನಿದ್ದೇಲಿ. ಅಂಗಡೀಲೇ ಕೇಳಿ, ಫೋನ್ ಮುಟ್ಟದೆ ಹಾಡು ಹಾಕೋಕಾಗುತ್ತಾ, ತಿರುಗಿಸೋ ವಾಲ್ಯೂಮ್ ಇದೆಯಾ, ರಿಮೋಟ್ ಇದೆಯಾ, ಎಫ್‌ಎಂ ಇದೆಯಾ, ಪೆನ್‌ಡ್ರೈವ್ ಹಾಕ್ಬೋದಾ. ಹಿರಿಯರಿರೋ ಮನೇಲಿ ಸೌಂಡ್ ಕ್ವಾಲಿಟಿಗಿಂತ ಮುಂಚೆ ನೋಡ್ಬೇಕಾದ್ದು ಇದು.

ಅಮೆರಿಕದಲ್ಲಿರೋ ಅಕ್ಕ ಭಾವ ಬರೋವಾಗ ತರಿಸ್ಕೊಳ್ಳೋಣ, ಅಲ್ಲಿ ಅಗ್ಗ ಅಂತಿದ್ರೆ ಎರಡು ವಿಷಯ ಗಮನಿಸಿ. ಹಿಂದಿನ ಲೇಬಲ್ ಫೋಟೋ ಕಳ್ಸೋಕೆ ಹೇಳಿ, 100-240 ವೋಲ್ಟ್ ಅಂತಿದ್ರೆ ಬರೀ ಪಿನ್ ಬದಲಾಯಿಸಿದ್ರೆ ಸಾಕು, 120 ಅಂತ ಮಾತ್ರ ಇದ್ರೆ ನಮ್ಮ 230 ವೋಲ್ಟ್‌ಗೆ ನೇರ ಹಾಕಿದ ತಕ್ಷಣ ಹೊಗೆ ಬರುತ್ತೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಭಾರದ್ದೊಂದು ಪಕ್ಕದಲ್ಲಿಡ್ಬೇಕು. ಎರಡನೇದು ರೇಡಿಯೋ. ಅಲ್ಲಿನ ಎಫ್‌ಎಂ ಟ್ಯೂನರ್‌ಗಳು ಸಾಮಾನ್ಯವಾಗಿ 88.1, 88.3 ಹೀಗೆ ಬೆಸ ಅಂಕಿಗಳಲ್ಲೇ ಹೋಗ್ತವೆ, ಬೆಂಗಳೂರಿನ ವಿವಿಧ ಭಾರತಿ 102.9 ಸಿಗುತ್ತೆ ಆದ್ರೆ 104.0 ಥರದ ಸಮ ಅಂಕಿಯ ಸ್ಟೇಷನ್ ಮೇಲೆ ಸರಿಯಾಗಿ ನಿಲ್ಲಲ್ಲ. ಎಎಂ ಇನ್ನೂ ಕಷ್ಟ, ಅವ್ರದ್ದು 10 ಕಿಲೋಹರ್ಟ್ಜ್ ಹೆಜ್ಜೆ, ನಮ್ದು 9, ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಎರಡೂ ಆ ಹೆಜ್ಜೆಗೆ ಬರಲ್ಲ. ಕೆಲವು ಮಾಡೆಲ್‌ಗಳಲ್ಲಿ ಈ ಹೆಜ್ಜೆ ಬದಲಾಯಿಸೋ ಸೆಟ್ಟಿಂಗ್ ಇರುತ್ತೆ, ಕೇಳಿ ನೋಡಿ. ವಾರಂಟಿ ಅಂತೂ ಸಾಮಾನ್ಯವಾಗಿ ಇಲ್ಲಿ ನಡೆಯಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಗ್ರಿಲ್ ತೆಗೆಸಿ ಸ್ಪೀಕರ್ ಅಂಚನ್ನ ಬೆರಳಿಂದ ಮೆತ್ತಗೆ ಮುಟ್ಟಿ, ರಬ್ಬರ್ ಆದ್ರೆ ಚಿಂತೆ ಇಲ್ಲ, ಫೋಮ್ ಆದ್ರೆ ಮಂಗಳೂರು ಕಡೆ ಸೆಕೆಗೆ ಹತ್ತು ಹದಿನೈದು ವರ್ಷದಲ್ಲಿ ಪುಡಿಪುಡಿಯಾಗಿ ಕೈಗೆ ಅಂಟುತ್ತೆ. ಸಿಡಿ ಇದ್ರೆ ಎರಡು ಮೂರು ಡಿಸ್ಕ್ ಹಾಕಿ ಕೊನೆ ಹಾಡಿನ ತನಕ ಓಡ್ಸಿ, ಲೆನ್ಸ್ ಸೋತಿದ್ರೆ ಅಲ್ಲಲ್ಲಿ ಜಿಗಿಯುತ್ತೆ. ಹಿಂದೆ ಗಾಳಿ ಬರೋ ತೂತು ಇರೋ ಸ್ಪೀಕರ್ ಆದ್ರೆ ಟಾರ್ಚ್ ಬಿಟ್ಟು ಒಳಗೆ ನೋಡಿ, ಮಣ್ಣಿನ ಗೂಡು ಕಟ್ಟೋ ಕಣಜಕ್ಕೆ ಅಂಥ ತೂತು ಬಲು ಇಷ್ಟ, ಹಲ್ಲಿ ಮೊಟ್ಟೇನೂ ಸಿಗ್ಬೋದು, ಊರಿಗೆ ಹೋಗೋವಾಗ ಒಂದು ಹಳೇ ಕಾಲುಚೀಲ ತುರುಕಿ ಹೋಗಿ. ಮಲೆನಾಡಲ್ಲಿ ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಪ್ಲಗ್ಗನ್ನೇ ಕೀಳ್ಬೇಕು, ನೆಟ್ ಕೇಬಲ್ ಮತ್ತೆ ಆಂಟೆನಾ ವೈರ್ ಕೂಡ. ಹೊಸದು ತಗೊಂಡ್ರೆ ಥರ್ಮಾಕೋಲ್ ಸಮೇತ ಬಾಕ್ಸ್ ಅಟ್ಟದ ಮೇಲಿಡಿ, ಮನೆಗೆ ಬಂದ ಮೊದಲ ವಾರದಲ್ಲೇ ಅಂಗಡೀಲಿ ಕೇಳಿದ್ದ ಅದೇ ನಾಕು ಹಾಡು ನಿಮ್ಮ ರೂಮಲ್ಲಿ ಹಾಕಿ ಕೇಳಿ, ಒಗ್ಗಲಿಲ್ಲ ಅಂದ್ರೆ ರಿಟರ್ನ್ ದಿನ ಮುಗಿಯೋ ಮುಂಚೆ ವಾಪಸ್ ಕಳ್ಸಿ.