ಆಯಿಲ್ ಪ್ರೆಶರ್ ಮುಳ್ಳು ಬಿದ್ದದ್ದು ಯಾವಾಗ?

ರೀಬಿಲ್ಡ್ ಆದ ಇಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಕಮ್ಮಿ ಅಂದ ಕೂಡಲೇ ಎಲ್ಲರೂ ಬೇರಿಂಗ್ ಮೇಲೆ ಅನುಮಾನ ಪಡುತ್ತಾರೆ. ನಾನು ಮೊದಲು ಕೇಳುವುದು, ಗೇಜಿನ ಮುಳ್ಳು ಕೆಳಗೆ ಇಳಿದದ್ದು ಯಾವಾಗ?

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನಮ್ಮ ಗ್ಯಾರೇಜ್. ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗುವ ರೇಸ್ ಗಾಡಿಗಳು ಬರುತ್ತಿರುತ್ತವೆ. ಹೋದ ಸೀಸನ್‌ನಲ್ಲಿ ಒಂದು ಮಾರುತಿ ಎಸ್ಟೀಮ್ ಕಾರು ಬಂತು. 1.3 ಲೀಟರ್ ಇಂಜಿನ್, ಬೇರೆ ಕಡೆ ಜೋಡಿಸಿದ್ದು. ಡ್ಯಾಶ್‌ಬೋರ್ಡಿನ ಎಲೆಕ್ಟ್ರಿಕ್ ಗೇಜನ್ನು ನಾನು ನಂಬುವುದಿಲ್ಲ. ಪ್ರೆಶರ್ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿದೆ. ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ 20 ಪಿಎಸ್‌ಐ (ಒತ್ತಡದ ಅಳತೆ), 3000 ಆರ್‌ಪಿಎಂಗೆ 50. ಅಲ್ಲಿವರೆಗೆ ಸರಿ. 5000 ದಾಟಿದ್ದೇ ಮುಳ್ಳು ನಡುಗುತ್ತಾ 30ಕ್ಕೆ ಇಳಿಯಿತು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಆದರೂ ಬೇಕು ಅನ್ನುವುದು ರೇಸ್ ಇಂಜಿನ್ ಮಾಡುವವರ ಲೆಕ್ಕ.

"ಬೇರಿಂಗ್ ಹೋಗಿದೆ ಅಣ್ಣಾ, ಇಂಜಿನ್ ಇಳಿಸೋಣ್ವಾ?" ಅಂದ ನಮ್ಮ ಹುಡುಗ.

ಬೇರಿಂಗ್ ಗ್ಯಾಪ್ ಜಾಸ್ತಿಯಾಗಿದ್ದರೆ ಬಿಸಿ ಐಡಲ್‌ನಲ್ಲೇ ಪ್ರೆಶರ್ ಕಮ್ಮಿಯಾಗಿ ಗೊತ್ತಾಗುತ್ತದೆ. ಹೆಚ್ಚಾದ ಪ್ರೆಶರ್ ಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಎಲ್ಲ ಸ್ಪೀಡಲ್ಲೂ ಕಮ್ಮಿ. ತಿರುವಿನಲ್ಲಿ ಮಾತ್ರ ಬಿದ್ದರೆ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತಿದೆ, ಚೇಂಬರಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಬ್ಯಾಫಲ್, ಅಂದರೆ ಆಯಿಲ್ ಸರಿಯದಂತೆ ತಡೆಯುವ ತಗಡು ಬೇಕು. ನಿಂತ ಗಾಡಿಯಲ್ಲಿ, ಹೈ ಆರ್‌ಪಿಎಂನಲ್ಲಿ ಮಾತ್ರ ಮುಳ್ಳು ನಡುಗಿದರೆ? ಪಂಪ್ ಗಾಳಿ ಎಳೆಯುತ್ತಿರಬೇಕು. ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮಟ್ಟ ಸರಿಯಾಗಿತ್ತು, ಆದರೆ ತುಂಬಾ ಸಣ್ಣ ಸಣ್ಣ ಗುಳ್ಳೆ. ಫಿಲ್ಟರ್ ಕೊಯ್ದು, ಪೇಪರ್ ಬಿಡಿಸಿ ಬಿಸಿಲಿಗೆ ಹಿಡಿದೆವು. ಬೇರಿಂಗ್ ಸವೆದರೆ ಬರುವ ಹೊಳೆಯುವ ಚೂರು ಒಂದೂ ಇಲ್ಲ.

ಈ ಇಂಜಿನ್‌ನಲ್ಲಿ ಚೇಂಬರಿನಿಂದ ಆಯಿಲ್ ಎಳೆಯುವ ಸ್ಟ್ರೈನರ್ ಪೈಪ್ ಪಂಪಿಗೆ ಸೇರುವ ಕಡೆ ಒಂದು ಓ-ರಿಂಗ್ (ರಬ್ಬರ್ ಸೀಲ್) ಇದೆ. ಅದು ಆಯಿಲ್ ಮಟ್ಟಕ್ಕಿಂತ ಮೇಲಿರುತ್ತದೆ. ಆ ಜಾಗವನ್ನು ಆಯಿಲಲ್ಲಿ ಮುಳುಗಿಸಿದರೆ ಎಳೆಯಲು ಗಾಳಿಯೇ ಸಿಗುವುದಿಲ್ಲ, ಅಲ್ವಾ? ಒಂದು ಲೀಟರ್ ಆಯಿಲ್ ಜಾಸ್ತಿ ಹಾಕಿದೆ. ಪಂಪ್ ಇರುವ ಪಕ್ಕ ತಗ್ಗಾಗುವ ಹಾಗೆ ಇನ್ನೊಂದು ಪಕ್ಕಕ್ಕೆ ಜ್ಯಾಕ್ ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರ ಮಾಡಿದೆ. ಸ್ಟಾರ್ಟ್ ಮಾಡಿ ಒಂದೇ ಸಲ 5500ಕ್ಕೆ ಏರಿಸಿದೆ. ಮುಳ್ಳು 55ರ ಮೇಲೆ ಗಟ್ಟಿಯಾಗಿ ನಿಂತಿತು. ಈ ಪರೀಕ್ಷೆ ಕೆಲವೇ ಸೆಕೆಂಡ್ ಸಾಕು. ಜಾಸ್ತಿ ಆಯಿಲಲ್ಲಿ ಓಡಿಸುತ್ತಾ ಹೋದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ತಕ್ಷಣ ಡ್ರೇನ್ ಮಾಡಿದೆವು.

ಚೇಂಬರ್ ಇಳಿಸಿ ಸ್ಟ್ರೈನರ್ ಬಿಚ್ಚಿದರೆ ಓ-ರಿಂಗ್ ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಉಗುರಿನಿಂದ ಒತ್ತಿದರೆ ಸೀಳು ಬಾಯಿ ಬಿಡುತ್ತಿತ್ತು. ಒಣಗಿದ ರಬ್ಬರನ್ನು ಹಾಗೇ ಒತ್ತಿ ಬೋಲ್ಟ್ ಬಿಗಿದರೆ ಹೀಗೇ ಆಗುವುದು. ಹೊಸ ರಿಂಗಿಗೆ ಆಯಿಲ್ ಸವರಿ, ಅದರ ಜಾಗದಲ್ಲಿ ಸರಿಯಾಗಿ ಕೂತ ಮೇಲೆ ಬೋಲ್ಟ್ ಬಿಗಿದೆ. ಚೇಂಬರ್ ಹೇಗೂ ಇಳಿದಿತ್ತು, ಒಂದು ಕಾನ್‌ರಾಡ್ ಕ್ಯಾಪ್ ತೆಗೆದು ಬೇರಿಂಗ್ ಶೆಲ್ ನೋಡಿದೆ. ಗೀರಿಲ್ಲದೆ ಸಮವಾಗಿ ಬೂದು ಬಣ್ಣಕ್ಕಿತ್ತು.

ಈಗ 6000ಕ್ಕೆ 62 ತೋರಿಸುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಮೆಕ್ಯಾನಿಕಲ್ ಗೇಜನ್ನು ಗಾಡಿಯಲ್ಲೇ ಬಿಟ್ಟೆ. ಮೊದಲ ಪ್ರಾಕ್ಟೀಸ್ ಮುಗಿದ ಕೂಡಲೇ ಫಿಲ್ಟರ್ ಬಿಚ್ಚಿ ನನಗೆ ತಂದುಕೊಡಿ ಅಂತ ಓನರ್‌ಗೆ ಹೇಳಿ ಕಳಿಸಿದ್ದೇನೆ.