ಸ್ಟೇರಿಂಗ್ ಸದ್ದು: ರ‍್ಯಾಕ್‌ಗೆ ಕೈ ಹಾಕುವ ಮುಂಚೆ

ಸ್ಟೇರಿಂಗ್‌ನಲ್ಲಿ ಸದ್ದು ಅಂತ ನನ್ನ ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳಲ್ಲಿ ದೋಷ ಸ್ಟೇರಿಂಗ್‌ನದ್ದೇ ಆಗಿರುವುದಿಲ್ಲ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮುಂಚೆ ಕೇಳುತ್ತೇನೆ: ಸದ್ದು ನಿಂತಲ್ಲಿ ಬರುತ್ತಾ, ಓಡುವಾಗ ಬರುತ್ತಾ?

ಹೋದ ಮಳೆಗಾಲ ಮುಗಿದ ಮೇಲೆ ಪರಿಚಯದ ಮೇಷ್ಟ್ರೊಬ್ಬರು ಕಾರು ತಂದರು. ನಿಂತಲ್ಲೇ ತಿರುಗಿಸಿದರೆ ‘ಟಣ್’ ಅನ್ನುತ್ತಿತ್ತು. ಬೇರೆ ಕಡೆ, ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ರ‍್ಯಾಕನ್ನೇ ಬದಲಿಸಬೇಕು ಅಂದಿದ್ದರಂತೆ. ಮೊದಲು ಸ್ಟೇರಿಂಗ್ ಪೂರ್ತಿ ಎಳೆದು ಮೈದಾನದಲ್ಲಿ ನಿಧಾನಕ್ಕೆ ಸುತ್ತು ಹೊಡೆಸಿದೆ. ಆಕ್ಸಲ್ ಜಾಯಿಂಟ್ ಸವೆದಿದ್ದರೆ ಆಗ ಚಕ್ರದ ಹತ್ತಿರ ಕಟಕಟ ಅನ್ನಬೇಕು, ಅನ್ನಲಿಲ್ಲ. ಆಮೇಲೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹುಡುಗನಿಗೆ ‘ಮೆಲ್ಲಗೆ ತಿರುಗಿಸೋ’ ಅಂದೆ. ಎಡಗಡೆ ಕಾಯಿಲ್ ಸ್ಪ್ರಿಂಗಿನ ಹೊರಮೈಗೆ ಬೆರಳು ತಾಗಿಸಿ ಕೂತೆ. ಸುರುಳಿಗಳ ನಡುವೆ ಮಾತ್ರ ಬೆರಳು ಇಡಬಾರದು. ಸ್ಪ್ರಿಂಗು ತನ್ನೊಳಗಿರುವ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಕಂಬ) ಜೊತೆ ಸಲೀಸಾಗಿ ತಿರುಗುವ ಬದಲು ಬಿಗಿಯಾಗುತ್ತಾ ಹೋಗಿ, ತಟಕ್ಕನೆ ಹಾರಿತು. ಸದ್ದೂ ಆಗಲೇ ಬಂತು. ಬಲಗಡೆಯದು ಸುಮ್ಮನೆ ತಿರುಗುತ್ತಿತ್ತು.

ಸ್ಟ್ರಟ್ಟಿನ ತುದಿಯನ್ನು ಮೇಲೆ ಬಾಡಿಗೆ ಕೂರಿಸುವ ಮೌಂಟಿನ ಬೇರಿಂಗ್ ಹಿಡಿದುಕೊಂಡಿತ್ತು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ ಬಿಚ್ಚಿದರೆ ಒಳಗೆ ಗ್ರೀಸೇ ಇಲ್ಲ, ಕೆಂಪು ತುಕ್ಕಿನ ಪುಡಿ. ಕಂಪ್ರೆಸರ್ ಇಲ್ಲದೆ ನಡುವಿನ ನಟ್ ಸಡಿಲಿಸಿದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಕುತ್ತು, ಆ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಎರಡೂ ಕಡೆ ಹೊಸ ಮೌಂಟು, ಬೇರಿಂಗ್ ಹಾಕಿ, ಅಲೈನ್‌ಮೆಂಟ್ ಮಾಡಿಸಿ ಕೊಟ್ಟೆ. ರ‍್ಯಾಕ್ ಹಾಗೇ ಇದೆ, ಸದ್ದಿಲ್ಲ.

ಬೇರೆ ಸದ್ದುಗಳಿಗೆ ಬೇರೆ ದಾರಿ. ಹೈಡ್ರಾಲಿಕ್ ಸ್ಟೇರಿಂಗ್ ತಿರುಗಿಸುವಾಗ ‘ಗುಂಯ್’ ಅಂದರೆ ಮೊದಲು ಎಣ್ಣೆಯ ಮಟ್ಟ ನೋಡುತ್ತೇನೆ; ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ನೊರೆ ಕಂಡರೆ ಗಾಳಿ ಸೇರಿದೆ. ಕೊನೆಯವರೆಗೂ ತಿರುಗಿಸಿ ಹಾಗೇ ಹಿಡಿದುಕೊಂಡರೆ ಪಂಪ್ ಬಿಸಿಯಾಗುತ್ತದೆ. ಎಲೆಕ್ಟ್ರಿಕ್ ಸ್ಟೇರಿಂಗಿನಲ್ಲಿ ಡ್ಯಾಶ್ ಕೆಳಗೆ ‘ಕಟ್’ ಅಂದರೆ ಕಾಲಮ್ಮು (ಸ್ಟೇರಿಂಗಿನಿಂದ ಕೆಳಗೆ ಹೋಗುವ ದಂಡ), ಅದರ ಜಾಯಿಂಟು ನೋಡಬೇಕು. ಸ್ಟೇರಿಂಗ್ ತಿರುಗಿಸುವಾಗ ಹಾರ್ನ್ ಹತ್ತಿರ ಕಾಗದ ಉಜ್ಜಿದ ಹಾಗೆ ಕೇಳಿದರೆ ನನಗೆ ಅನುಮಾನ ಬರುವುದು ಕ್ಲಾಕ್ ಸ್ಪ್ರಿಂಗ್ ಮೇಲೆ, ಅಂದರೆ ಹಾರ್ನ್, ಏರ್‌ಬ್ಯಾಗ್‌ಗೆ ಕರೆಂಟ್ ಒಯ್ಯುವ ಸುರುಳಿ ಪಟ್ಟಿಯ ಮೇಲೆ. ಅಲ್ಲಿ ಏರ್‌ಬ್ಯಾಗ್ ಇರುತ್ತದೆ, ಬ್ಯಾಟರಿ ಕಳಚದೆ ಮುಟ್ಟುವ ಹಾಗಿಲ್ಲ.

ಹಳ್ಳ ಹತ್ತಿಳಿಯುವಾಗ ಲೊಟಕ್ ಅಂದರೆ ಮಾತ್ರ ನಾನು ನೋಡದೆ ಗಾಡಿ ವಾಪಸ್ ಕಳಿಸುವುದಿಲ್ಲ. ಚಕ್ರ ಎತ್ತಿ, ಎಡಬಲ ಹಿಡಿದು ಅಲ್ಲಾಡಿಸುತ್ತೇನೆ. ಆಟ ಇದ್ದರೆ ಟೈರಾಡ್ ಎಂಡ್ (ಸ್ಟೇರಿಂಗ್ ಕಂಬಿ ಚಕ್ರದ ಕಡೆಗೆ ಸೇರುವ ತುದಿ) ನೋಡುತ್ತೇನೆ. ಮೇಲೆ ಕೆಳಗೆ ಹಿಡಿದಾಗ ಆಡಿದರೆ ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ.